ನೇಯ್ಗೆ ಬಿದ್ದ ನಾಣ್ಯಗಳು

"ಈ ಮೂರಕ್ಕೂ ಏನಾಗಿದೆ ಅಂತ ನೋಡಿ ಹೇಳ್ತೀರಾ ಸರ್?" ಎನ್ನುತ್ತ ಆ ಹೆಂಗಸು ಕರವಸ್ತ್ರದ ಗಂಟು ಬಿಚ್ಚಿ ನಾಣ್ಯಗಳನ್ನು ಮೇಜಿನ ಮೇಲಿಟ್ಟಳು. ಟಂಕಸಾಲೆಯಿಂದ ನಿವೃತ್ತನಾದ ಮೇಲೆ ಮುದುಕ ಇದನ್ನೇ ಕಸುಬು ಮಾಡಿಕೊಂಡಿದ್ದ. ತಪ್ಪಾಗಿ ಅಚ್ಚಾದ ನಾಣ್ಯ ಕೂಡಿಡುವ ಹುಚ್ಚಿನವರು ಅವನ ಬೀದಿಬದಿಯ ಕೋಣೆಗೆ ಹುಡುಕಿಕೊಂಡು ಬರುತ್ತಿದ್ದರು. ತಪ್ಪು ಯಂತ್ರದಲ್ಲೇ ಆದದ್ದೋ, ಆಮೇಲೆ ಯಾರೋ ಸುತ್ತಿಗೆಯಿಂದ ಮಾಡಿದ್ದೋ ಎಂದು ಅವನು ಕಂಡುಹಿಡಿದು ಬರೆದುಕೊಡುತ್ತಿದ್ದ.

ಮೊದಲನೆಯದನ್ನು ಭೂತಗನ್ನಡಿಯ ಕೆಳಗೆ ಹಿಡಿದ. ಅಂಕಿಯ ಮೇಲೆ ಅಡ್ಡಲಾಗಿ ಬಟ್ಟೆಯ ನೇಯ್ಗೆ ಮೂಡಿತ್ತು, ಹಾಸುಹೊಕ್ಕು ಎಣಿಸುವಷ್ಟು ಸ್ಪಷ್ಟವಾಗಿ.

"ಸುಲಭ," ಎಂದ ಹುರುಪಿನಿಂದ. "ಅಚ್ಚಿಗೂ ಲೋಹದ ಬಿಲ್ಲೆಗೂ ನಡುವೆ ಬಟ್ಟೆ ಸಿಕ್ಕಿಕೊಂಡಿದೆ. ಒರೆಸೋ ಬಟ್ಟೆ ಇರ್ಬೇಕು. ಅಪರೂಪದ್ದಮ್ಮ ಇದು, ಜೋಪಾನ."

"ಒರೆಸೋ ಬಟ್ಟೆಗೆ ಯಾರಾದ್ರೂ ಜೋಡಿ ಹೊಲಿಗೆ ಹಾಕ್ತಾರಾ ಸರ್?"

ಅವನು ಮತ್ತೆ ಬಗ್ಗಿದ. ನಿಜ. ನೇಯ್ಗೆಯ ಅಂಚಿನಲ್ಲಿ ಎರಡು ಸಾಲು ಹೊಲಿಗೆ, ಇರುವೆ ಹರಿದಂತೆ. ಒರೆಸುವ ಬಟ್ಟೆಯಲ್ಲ, ಅಂಗಿ ತೋಳಿನ ಪಟ್ಟಿ. ಎರಡನೆಯ ನಾಣ್ಯದಲ್ಲೂ ಅದೇ ಹೊಲಿಗೆ, ತುಸು ಮಸುಕು. ಮೂರನೆಯದರಲ್ಲಿ ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವ ನೆರಳು.

"ಮೂರೂ ಒಂದೇ ಬಟ್ಟೆ," ಎಂದು ಅವನ್ನು ಸಾಲಾಗಿ ಜೋಡಿಸಿದ. "ಅಚ್ಚಿಗೆ ಅಂಟಿಕೊಂಡೇ ಉಳಿದಿದೆ, ಏಟು ಬಿದ್ದ ಹಾಗೆಲ್ಲ ಸವೆದಿದೆ. ಇದು ಮೊದಲು, ಇದು ಆಮೇಲೆ, ಇದು ಕೊನೇದು."

"ನನ್ನ ಕೈಗೆ ಬಂದಿದ್ದೂ ಇದೇ ಸಾಲಲ್ಲಿ. ಮೊದಲನೇದು ಹನ್ನೊಂದು ವರ್ಷದ ಹಿಂದೆ, ಬಸ್ಸಲ್ಲಿ ಚಿಲ್ಲರೆ ಜೊತೆ. ಎರಡನೇದು ಔಷಧಿ ಅಂಗಡೀಲಿ. ಇದು ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದ್ರೆ ಹೊಸ್ತಿಲ ಮೇಲಿತ್ತು. ನಾನು ಹುಡುಕಿಲ್ಲ ಸರ್. ಅವೇ ಬರ್ತವೆ."

ಕೋಟಿಗಟ್ಟಲೆ ನಾಣ್ಯ ಓಡಾಡುವ ಊರಿನಲ್ಲಿ ಹೀಗಾಗಲು ಸಾಧ್ಯವೇ? ಮುದುಕ ನಾಣ್ಯವನ್ನು ಮಗುಚಿ ಇಸವಿ ನೋಡಿದ. ಅದರ ಕೆಳಗೆ, ಎಲ್ಲಿ ಅಚ್ಚಾದದ್ದೆಂದು ತೋರಿಸುವ ಚುಕ್ಕೆ ಅವನ ಟಂಕಸಾಲೆಯದೇ. ಆ ವರ್ಷ ಅಚ್ಚಿನ ಯಂತ್ರದ ಬಳಿ ಒಬ್ಬನೇ ಒಬ್ಬ ಸತ್ತಿದ್ದ. ಆ ಗಲಾಟೆಯಲ್ಲಿ ಕೆಟ್ಟ ನಾಣ್ಯಗಳನ್ನು ಆರಿಸುವವರಿಲ್ಲದೆ ಅವೂ ಚೀಲ ಸೇರಿ ಹೊರಗೆ ಹೋಗಿದ್ದವು.

"ಅಂಗಿ ನಾನೇ ಹೊಲಿದಿದ್ದು," ಎಂದಳು ಅವಳು. "ನಮ್ಮನೆಯವರ ಎದೆಬಡಿತ ನಿಂತು ಮಿಷನ್ನಿನ ಮೇಲೆ ಬಿದ್ರು, ಆ ಕ್ಷಣವೇ ಮಿಷನ್ ನಿಲ್ಲಿಸಿದ್ವಿ ಅಂತ ಕಾಗದ ಕೊಟ್ರು. ಬಲಗೈ ಮಾತ್ರ ನೋಡೋಕೆ ಬಿಡ್ಲಿಲ್ಲ."

ಆ ಕಾಗದ ಬರೆದವನು ಈ ಮುದುಕನೇ. ಆಗ ಅವನು ಆ ವಿಭಾಗದ ಮೇಲ್ವಿಚಾರಕ. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಅವನ ಮೇಜಿನ ಪಕ್ಕದಲ್ಲೇ ಇತ್ತು. ಆ ಹೊತ್ತಿನಲ್ಲಿ ಅವನು ಮಾತ್ರ ಹೊರಗೆ ಮೆಟ್ಟಿಲ ಮೇಲೆ ಹರಟೆ ಹೊಡೆಯುತ್ತ ಕೂತಿದ್ದ.

"ಮೊದಲನೇದಕ್ಕೂ ಈ ಮೂರನೇದಕ್ಕೂ ನಡುವೆ ಎಷ್ಟು ನಾಣ್ಯ ಬಿದ್ದಿರ್ಬಹುದು?"

ಹತ್ತು ಎಂದುಬಿಡಬಹುದಿತ್ತು. ಆದರೆ ಬಾಯಿ ಕಸುಬಿನ ಮಾತನ್ನೇ ಆಡಿತು. "ನೂರು... ನೂರಿಪ್ಪತ್ತು."

"ಮಿಷನ್ನು ನಿಮಿಷಕ್ಕೆ ಎಷ್ಟು ಹೊಡೀತಿತ್ತು?"

"ಅಷ್ಟೇ."

ಅವಳು ಕರವಸ್ತ್ರವನ್ನು ನಾಲ್ಕಾಗಿ ಮಡಿಚಿದಳು. "ಹಾಗಾದ್ರೆ ಒಂದು ನಿಮಿಷ. ಅವರು ಕೂಗೋದಕ್ಕೆ, ಯಾರಾದ್ರೂ ಓಡಿ ಬರೋದಕ್ಕೆ ಅಷ್ಟು ಸಾಕಾಗಿತ್ತು."

ದಡ್, ದಡ್, ದಡ್. ಬೀದಿಯಲ್ಲಿ ಯಾವುದೋ ಲಾರಿ ಎಂದುಕೊಂಡು ಮುದುಕ ಕಿಟಕಿಯತ್ತ ನೋಡಿದ. ಬೀದಿ ಖಾಲಿಯಿತ್ತು. ಪ್ರತಿ ಸದ್ದಿಗೂ ಮೇಜಿನ ಮೇಲೆ ಮೂರು ನಾಣ್ಯಗಳು ಒಟ್ಟಿಗೆ ನಡುಗುತ್ತಿದ್ದವು. ಅಂಗೈಯಿಂದ ಅವನ್ನು ಅದುಮಿ ಹಿಡಿದರೂ ನಿಲ್ಲಲಿಲ್ಲ. ಅವಳಿಗೆ ಆ ಸದ್ದು ಕೇಳಿಸುತ್ತಿದೆಯೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

"ಎಲ್ಲರಿಗೂ ಬರೆದುಕೊಡ್ತೀರಂತಲ್ಲ," ಎಂದಳು. "ನಂಗೂ ಬರೆದುಕೊಡಿ."

ಅವನು ಅಚ್ಚು ಹಾಕಿಸಿಟ್ಟಿದ್ದ ಹಾಳೆಯೊಂದನ್ನು ಎಳೆದುಕೊಂಡ. ಲೋಹ, ತೂಕ, ಇಸವಿ ತುಂಬಿದ. 'ಕಾರಣ' ಎಂಬಲ್ಲಿ ಎಂದಿನ ರೂಢಿಯಂತೆ 'ನಡುವೆ ಬಟ್ಟೆ ಸಿಕ್ಕಿದ್ದು' ಎಂದು ಬರೆದ. ಸದ್ದು ಇನ್ನಷ್ಟು ಜೋರಾಯಿತು. ಬರೆದದ್ದನ್ನು ಹೊಡೆದುಹಾಕಿ, 'ಕಾವಲು ಇರಬೇಕಾದವನು ಜಾಗದಲ್ಲಿರಲಿಲ್ಲ; ಯಂತ್ರ ಒಂದು ನಿಮಿಷ ಓಡಿತು' ಎಂದು ಬರೆದು, ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ, ಮಗು ಬರೆಯುವಂತೆ ಒಂದೊಂದೇ ಅಕ್ಷರ ಕೂಡಿಸಿ ಬರೆದ. ಲೇಖನಿ ಮೇಲೆತ್ತುತ್ತಿದ್ದಂತೆ ಸದ್ದು ನಿಂತಿತು.

ಅವಳು ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ 'ಇರಬೇಕಾದವನು' ಎಂಬ ಮಾತಿನಿಂದ ಕೆಳಗೆ ಅವನ ಹೆಸರಿನವರೆಗೆ ಬೆರಳು ಎಳೆದು ತಲೆಯೆತ್ತಿದಳು.

"ಇದು ಸಹೀನಾ ಸರ್, ಉತ್ತರಾನಾ?"