ಎಡಗಡೆಯ ಕುಣಿಕೆ

"ಈ ಏಪ್ರನ್ ಹೊಲಿದೋಳು ಗೋವಿಂದಮ್ಮ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ನಾಲಿಗೆ ಸವೆದೋಗ್ತಿತ್ತಾ, ಅಮ್ಮಾವ್ರೇ?"

"ಮೆತ್ತಗೆ ಮಾತಾಡು. ಅಡಿಗೆಯೋಳದ್ದು ಕಟ್ಕೊಂಡಿದೀನಿ ಅಂತ ಹೇಳ್ಕೊಳ್ಳಲಾ? ನಾನೇ ಹೊಲಿದೆ ಅಂದಿದೀನಿ, ಸುಮ್ನಿರು," ಎಂದು ಸತ್ಯಭಾಮಾ ಹಲ್ಲು ಕಚ್ಚಿದರು. ಜಯನಗರದ ಮಹಿಳಾ ಸಮಾಜದವರು ಅದನ್ನು ನೋಡಲೆಂದೇ ಬಂದು ನಡುಮನೆಯಲ್ಲಿ ಕೂತಿದ್ದರು.

ಅಡಿಗೆಯ ಗೋವಿಂದಮ್ಮನ ಮೈ ಉರಿಯಿತು. ಗಂಡನ ಹಳೆಯ ಖಾಕಿ ಪ್ಯಾಂಟು ಬಿಚ್ಚಿ, ಕತ್ರಿಗುಪ್ಪೆಯ ತನ್ನ ಮನೆಯಲ್ಲಿ ಕೂತು ಕೈಯಲ್ಲೇ ಹೊಲಿದದ್ದು ಅದು. ಬೆಂಕಿಪೊಟ್ಟಣಕ್ಕೊಂದು ಜೇಬು, ಕೈವಸ್ತ್ರ ಸಿಕ್ಕಿಸಲು ಒಂದು ಗುಂಡಿ, ಇಕ್ಕಳಕ್ಕೆ ಸೊಂಟದಲ್ಲೊಂದು ಕುಣಿಕೆ, ಎಲ್ಲವೂ ಎಡಕ್ಕೇ. ಅವಳು ಎಡಚಿ. "ಎಡಗೈಲಿ ಮುಟ್ಟಬೇಡ, ಅನಿಷ್ಟ" ಎಂದು ಇದೇ ಅಡಿಗೆಮನೆಯಲ್ಲಿ ಎಂಟು ವರ್ಷ ಬೈಸಿಕೊಂಡವಳು.

ಹೆಂಗಸರು ಒಳಗೆ ಬಂದದ್ದಕ್ಕೂ ಸ್ಟೌ ಮೇಲಿನ ಹಾಲು ಉಕ್ಕಿದ್ದಕ್ಕೂ ಸರಿಹೋಯಿತು. ಸತ್ಯಭಾಮಾ ಇಕ್ಕಳಕ್ಕಾಗಿ ಬಲಸೊಂಟವನ್ನೆಲ್ಲ ತಡಕಾಡಿದರು, ಸಿಗಲಿಲ್ಲ. ಗೋವಿಂದಮ್ಮ ಮುಂದೆ ಬಂದು, ಅವರ ಎಡಸೊಂಟದ ಕುಣಿಕೆಯಿಂದ ಇಕ್ಕಳ ಎಳೆದು, ಎಡಗೈಯಲ್ಲೇ ಪಾತ್ರೆ ಇಳಿಸಿದಳು.

"ಏನ್ರೀ ಸತ್ಯಭಾಮಾ, ನೀವು ಯಾವಾಗ ಎಡಚಿ ಆದ್ರಿ?" ಎಂದು ಒಬ್ಬರು ನಕ್ಕರು.

ಗೋವಿಂದಮ್ಮ ಆ ಇಕ್ಕಳವನ್ನು ಸತ್ಯಭಾಮಾ ಅವರ ಬಲಗೈಗೆ ತುರುಕಿದಳು. "ಇನ್ಮೇಲೆ ಎಲ್ಲಾನೂ ಬಲಗೈಲೇ ಮಾಡ್ಕೊಳ್ಳಿ, ಅಮ್ಮಾವ್ರೇ."

ಹಿತ್ತಲ ಬಾಗಿಲಿಂದ ಹೊರಟವಳು ಮತ್ತೆ ಆ ಮನೆಗೆ ಬರಲಿಲ್ಲ.