ಸೋಮವಾರವೇ ಬನ್ನಿ ಸಾರ್

ಶಿವರುದ್ರಸ್ವಾಮಿಯವರು ಬೈಕು ನಿಲ್ಲಿಸಿ, ಹಣೆಯ ವಿಭೂತಿ ಬೆವರಿಗೆ ಇಳಿಯದಂತೆ ಕರ್ಚೀಫು ಒತ್ತಿಕೊಳ್ಳುತ್ತ ಶಾಲೆಯೊಳಕ್ಕೆ ಕಾಲಿಟ್ಟಾಗ ಅಲ್ಲಿ ಒಂದು ಮಗುವೂ ಇರಲಿಲ್ಲ. ಟೀಚರ್ ಸುಧಾಮಣಿಯವರು ಒಬ್ಬರೇ ಬೋರ್ಡಿನ ಮುಂದೆ ನಿಂತಿದ್ದರು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ 'ಸುಸ್ವಾಗತ' ಎಂದು ಬರೆದಿತ್ತು.

"ಮಕ್ಕಳೆಲ್ಲಿ ಮೇಡಂ?"

"ಊಟದ ಹೊತ್ತಿಗಾದ್ರೂ ಬರ್ತಾರೆ ಅಂದ್ಕೊಂಡಿದ್ದೆ ಸಾರ್."

ಪಕ್ಕದ ಊರಿನಲ್ಲಿ ಮಠದವರು ಹೊಸ ಶಾಲೆ ತೆರೆಯುವವರಿದ್ದರು. ಅದರಿಂದ ಸುತ್ತಲಿನ ಶಾಲೆಗಳಿಗೆ ಏನಾಗುತ್ತದೆ ಎಂದು ನೋಡಿ ವರದಿ ಕೊಡಲು ಚಾಮರಾಜನಗರದ ಶಿಕ್ಷಣ ಇಲಾಖೆ ಶಿವರುದ್ರಸ್ವಾಮಿಯವರನ್ನು ಕಳಿಸಿತ್ತು. "ಸೋಮವಾರವೇ ಬನ್ನಿ ಸಾರ್, ಶಾಲೆ ತುಂಬಿರುತ್ತೆ" ಎಂದು ಫೋನಿನಲ್ಲಿ ಹೇಳಿದ್ದವರು ಸುಧಾಮಣಿಯವರೇ. ಅವರ ಲೆಕ್ಕವೇನೂ ತಪ್ಪಿರಲಿಲ್ಲ. ಉಡಿಗಾಲದ ಸುತ್ತಿನ ಊರುಗಳಲ್ಲಿ ಸೋಮವಾರ ಯಾರೂ ಉಳುವುದಿಲ್ಲ. ಅಂದು ಬಸವಣ್ಣನಿಗೆ ಬಿಡುವು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಬಿಡುವು ಮಾತ್ರ ಟ್ರ್ಯಾಕ್ಟರಿಗೂ ದಕ್ಕಿತು. ಹೊಲದ ಕೆಲಸವಿಲ್ಲದಿದ್ದರೆ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲೆಂದು ಮಕ್ಕಳನ್ನು ಯಾರೂ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ಆದರೆ ಬಿಡುವಾಗಿ ನಿಂತ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಕೊಂಡು ಊರಿಗೆ ಊರೇ ಮಠಕ್ಕೆ ಹೊರಟುಬಿಡಬಹುದೆಂದು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದುಹೋಗುವ ಟೀಚರಿಗೆ ಹೊಳೆದಿರಲಿಲ್ಲ, ಪಾಪ.

ಬಿಸಿಯೂಟದ ಅಡುಗೆ ಮಾಡುವ ದೊಡ್ಡಮಲ್ಲಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಮಕ್ಳ ಹೆಸ್ರು ಬರಸ್ಕತೀವಿ ಬನ್ನಿ, ಪ್ರಸಾದನೂ ಅದೆ ಅಂತ ಮಠದ ಬುದ್ಧಿಯೋರು ಯೋಳಿ ಕಳ್ಸಿದ್ರು ಕಣ್ ಸಾ. ಜಾತಿ ಗೀತಿ ನೋಡಕಿಲ್ವಂತೆ. ಕೆಳಗಲ ಬೀದಿ ಮಕ್ಳೂ ಓಗವ್ರೆ. ನಾನೂ ಓಗ್ಬುಡ್ತಿದ್ದೆ, ಮೇಡಮ್ಮೋರು ಒಬ್ರೇ ಆಯ್ತರೆ ಅಂತ ಉಳ್ಕಂಡೆ. ಈಗ ಈ ಅನ್ನ ಯಾರ್ಗೆ ಬಡಸ್ಲಿ?"

"ನಮಗೇ ಬಡಿಸಮ್ಮ" ಎಂದು ಶಿವರುದ್ರಸ್ವಾಮಿಯವರು ಜಗಲಿಯ ಮೇಲೆ ಕೂತರು. ಒಳ್ಳೆಯ ಮನುಷ್ಯ, ನಿಜ ಹೇಳಬೇಕೆಂದರೆ ಅವರೂ ಆ ಮಠದ ಭಕ್ತರೇ. ನಾಲ್ಕು ತುತ್ತು ಉಂಡ ಮೇಲೆ ಮೆಲ್ಲಗೆ ಕೇಳಿದರು, "ಆ ಶಾಲೆ ಬಂದ್ರೆ ನಿಮ್ಗೇನು ತೊಂದರೆ ಮೇಡಂ? ಸಂಕೋಚ ಬೇಡ, ಹೇಳಿ."

"ಮಕ್ಕಳಿಗೇನೂ ತೊಂದರೆ ಇಲ್ಲ ಸಾರ್. ವ್ಯಾನ್ ಬರುತ್ತೆ, ತರಗತಿಗೊಬ್ಬರು ಟೀಚರ್ ಇರ್ತಾರೆ, ವಚನ ಕಲಿಸ್ತಾರೆ. ಇಲ್ಲಿ ಎಲ್ಲಾ ತರಗತಿಗೂ ನಾನೊಬ್ಬಳೇ."

"ಈ ಶಾಲೆ ಮುಚ್ಚಿದ್ರೂ ನಿಮ್ಮನ್ನ ಬೇರೆ ಕಡೆ ಹಾಕ್ತಾರೆ. ಕೆಲಸಕ್ಕೆ ಮೋಸ ಇಲ್ಲ."

"ಗೊತ್ತು ಸಾರ್." ಸುಧಾಮಣಿ ತಟ್ಟೆಯ ಅನ್ನವನ್ನು ಸುಮ್ಮನೆ ಕಲಸುತ್ತಿದ್ದರು. "ರೂಮಿಗೆ ಹೋದ್ರೆ ನನಗೆ ಮಾತಾಡೋಕೆ ಯಾರೂ ಇಲ್ಲ. ದಿನದ ಮಾತೆಲ್ಲ ಇಲ್ಲೇ ಆಡಿ ಮುಗಿಸ್ಕೊಂಡು ಬಸ್ಸು ಹತ್ತುತೀನಿ. ಈ ಮಕ್ಕಳೂ ಹೋದ್ರೆ ನಾನು ಒಂಟಿ ಆಗ್ಬಿಡ್ತೀನಿ."

ಶಿವರುದ್ರಸ್ವಾಮಿಯವರು ಎತ್ತಿದ ತುತ್ತನ್ನು ತಟ್ಟೆಗಿಳಿಸಿದರು. "ಅದನ್ನ ವರದೀಲಿ ಎಲ್ಲಿ ಬರೀಲಿ ಮೇಡಂ?" ಎಂದರು.

ಸುಧಾಮಣಿ ನಕ್ಕುಬಿಟ್ಟರು. ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. "ಇವತ್ತು ನಮ್ಮ ಮಕ್ಕಳು ಎದ್ದು ನಿಂತು ನಿಮಗೆ ನಮಸ್ತೇ ಹೇಳೋದನ್ನ ಕೇಳ್ಬೇಕಿತ್ತು ಸಾರ್. ರಾಗವಾಗಿ ಹೇಳ್ತಾರೆ. ನಾನು ಹಿಂಗೆ ಕೈ ಮಾಡಿ ಕೂತ್ಕೊಳಿ ಅನ್ನೋ ತನಕ ಒಬ್ಬರೂ ಕೂರಲ್ಲ. ಒಂದ್ಸಲ ನಾನು ಮರೆತು, ಎಣ್ಣೆ ಪ್ಯಾಕೆಟ್ ವಿಷಯ ಮಾತಾಡ್ತಾ ದೊಡ್ಡಮಲ್ಲಮ್ಮನ ಹತ್ರ ಹೋಗ್ಬಿಟ್ಟಿದ್ದೆ. ವಾಪಸ್ ಬಂದು ನೋಡಿದ್ರೆ ಎಲ್ಲರೂ ಇನ್ನೂ ನಿಂತೇ ಇದ್ದಾರೆ." ಅಂಗೈ ಕೆಳಗೆ ಮಾಡಿ ಮೆಲ್ಲಗೆ ಇಳಿಸಿ ತೋರಿಸಿದರು. ಕೈಗೆ ಇನ್ನೂ ಅನ್ನದ ಅಗುಳು ಅಂಟಿತ್ತು.

ಕೈ ತೊಳೆಯುವ ಹೊತ್ತಿಗೆ ರಸ್ತೆಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಸುಧಾಮಣಿ ಸೆರಗು ಸರಿಮಾಡಿಕೊಂಡು ಗೇಟಿನ ತನಕ ಓಡಿದರು. ಶಾಲೆಯ ಮುಂದಿನ ರಸ್ತೆಯುಬ್ಬಿನ ಹತ್ತಿರ ಟ್ರ್ಯಾಕ್ಟರ್ ನಿಧಾನವಾಯಿತು. ಟ್ರೇಲರಿನೊಳಗೆ ದೊಡ್ಡವರು ಕೆಳಗೆ ಕೂತಿದ್ದರು. ಮಕ್ಕಳು ಪಕ್ಕದ ತಗಡು ಹಿಡಿದು ಸಾಲಾಗಿ ನಿಂತಿದ್ದರು, ಎಲ್ಲರ ಹಣೆಯಲ್ಲೂ ಹೊಸ ವಿಭೂತಿ. ಟೀಚರನ್ನು ಕಂಡದ್ದೇ ತಗಡು ಬಿಟ್ಟು ಕೈಮುಗಿದರು.

"ಶರಣು ಶರಣಾರ್ಥಿ ಮಿಸ್..."

ಮಾತು ಹೊಸದು. ರಾಗ ಸುಧಾಮಣಿಯವರದೇ.

ಹಿಂದೆ ಬಂದು ನಿಂತಿದ್ದ ಶಿವರುದ್ರಸ್ವಾಮಿಯವರು ಅಭ್ಯಾಸಬಲದಿಂದ ಕೈಮುಗಿದು "ಶರಣು, ಶರಣು" ಎಂದರು. ಮಕ್ಕಳು ಕೂರಲಿಲ್ಲ. ಟ್ರ್ಯಾಕ್ಟರ್ ಉಬ್ಬು ಹತ್ತಿ ಕುಲುಕಿದಾಗ ಒಬ್ಬರ ಮೇಲೊಬ್ಬರು ವಾಲಿದರು, ಮತ್ತೆ ನೆಟ್ಟಗಾದರು. ಎಲ್ಲರೂ ಮಿಸ್ ಕಡೆಯೇ ನೋಡುತ್ತಿದ್ದರು.

"ಹೇಳಿ ಮೇಡಂ, ಬಿದ್ದುಗಿದ್ದಾವು" ಎಂದರು ಶಿವರುದ್ರಸ್ವಾಮಿಯವರು.

ಸುಧಾಮಣಿ ಗೇಟು ಹಿಡಿದಿದ್ದ ಕೈ ಬಿಡಿಸಿಕೊಂಡು, ಅಂಗೈ ಕೆಳಗೆ ಮಾಡಿ ಮೆಲ್ಲಗೆ ಇಳಿಸಿದರು.

"ಕೂತ್ಕೊಳಿ ಮಕ್ಕಳೇ."

ಎಲ್ಲರೂ ಒಟ್ಟಿಗೇ ಕೂತರು. ಆಮೇಲೆ ಟ್ರೇಲರಿನ ತಗಡಿನ ಮೇಲೆ ಒಂದು ತಲೆಯೂ ಕಾಣಲಿಲ್ಲ.