ಹಂದಿ ಕರುಳು, ಅಕ್ಕಿ ಶಾವಿಗೆ

ಆ ಹೆಂಗಸು ಮೋಸ ಮಾಡಿ ತಿನ್ನಿಸಿದಳು ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಯಾರ ಮೋಸ? ಸಾಕ್ಷಿ ನಾನಿದ್ದೇನೆ. ಚಕ್ರಮೊಗ್ಗು ಕುದಿಯುವ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಗ ನನಗೆ ಏಳು ವರ್ಷ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ನಮ್ಮದು. ಐರ್ಲೆಂಡಿನಲ್ಲಿ ನಾವಿದ್ದ ಡನ್ ಲಿಯರಿ ಊರಿನ ಭಾನುವಾರದ ಸಂತೆಯಲ್ಲಿ ಮಲೇಷ್ಯಾದ ಆಂಟಿಯೊಬ್ಬರು ಸ್ಟಾಲ್ ಹಾಕುತ್ತಿದ್ದರು. ಒಂದು ಭಾನುವಾರ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಚಕ್ರಮೊಗ್ಗು ಹಾಕಿದ ಕಪ್ಪು ಸಾರಿನಲ್ಲಿ ಬೆಂದದ್ದನ್ನು ಕತ್ತರಿಯಲ್ಲಿ ತುಂಡು ಮಾಡುತ್ತಾ, ಇದು ಹಂದಿ ಕರುಳು ಎಂದು ಅವರು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಅಪ್ಪ ಅಲ್ಲಿನವರ ಹಾಗೆ “ಗ್ರ್ಯಾಂಡ್, ಗ್ರ್ಯಾಂಡ್”, ಅಂದರೆ ಆಗಲಿ ಆಗಲಿ, ಎಂದರು. ಅಗಲವಾದ ಅಕ್ಕಿ ಶಾವಿಗೆಯ ಜೊತೆ ಆ ಮೆತ್ತನೆಯ ಕರುಳನ್ನು ಇಬ್ಬರೂ ಬಟ್ಟಲು ಬಳಿದು ತಿಂದೆವು.

ಮನೆಗೆ ಬಂದು ತಿಂದದ್ದೇನೆಂದು ನಾನು ಅಮ್ಮನ ಮುಂದೆ ಬಾಯಿಬಿಟ್ಟೆ. “ಅವಳು ಹೇಳ್ಲೇ ಇಲ್ಲ ಕಣೇ,” ಎಂದು ಅಮ್ಮನಿಗೆ ಹೇಳಿಬಿಟ್ಟರು ಅಪ್ಪ.

ಮುಂದಿನ ಭಾನುವಾರ ಅಮ್ಮ ಗಿರಾಕಿಗಳ ಎದುರೇ ಆಂಟಿಯನ್ನು ಮೋಸಗಾತಿ ಎಂದು ಬೈದರು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. “ನಾನು ಹೇಳಿದ್ದೆ,” ಎಂದು ಆಂಟಿ ಅಪ್ಪನನ್ನೇ ನೋಡಿದರು. ಅಪ್ಪ ನನ್ನ ಶೂ ಲೇಸು ಕಟ್ಟುವವರಂತೆ ಬಗ್ಗಿದರು.

ಅಪ್ಪ, ನನ್ನ ಶೂಗೆ ಲೇಸೇ ಇರಲಿಲ್ಲವಲ್ಲ, ಅಷ್ಟು ಹೊತ್ತು ಏನು ಕಟ್ಟುತ್ತಿದ್ದಿರಿ?